ಕಲಬುರಗಿಯಲ್ಲಿ ಗೇಮ್ ಕನ್ಸೋಲ್ ಕೊಳ್ಳುವವರಿಗೆ: ಪಕ್ಕಾ ಬಿಲ್ಲಿನಿಂದ ಗ್ರಾಹಕ ಆಯೋಗದವರೆಗೆ

ಪ್ಲೇಸ್ಟೇಷನ್ 5 ಮೇಲೋ ಎಕ್ಸ್‌ಬಾಕ್ಸ್ ಮೇಲೋ ಎಂಬ ವಾದದಲ್ಲಿ ಎರಡೂ ಕಡೆಯವರಿಗೆ ಹೇಳಲು ಸಾಕಷ್ಟಿದೆ. ಎರಡೂ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲುಗಳು, 2020ರ ನವೆಂಬರಿನಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದ ಪೀಳಿಗೆಯವು, ಎರಡರಲ್ಲೂ ಆಟ ಸೊಗಸಾಗಿ ಓಡುತ್ತದೆ. ಆದರೆ ಅರ್ಧ ಲಕ್ಷ ರೂಪಾಯಿಯ ಆಸುಪಾಸು ಖರ್ಚು ಮಾಡಿ ಕಲಬುರಗಿಯಲ್ಲಿ ಕನ್ಸೋಲ್ ಕೊಳ್ಳುವ ಕುಟುಂಬ ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ನಾಳೆ ಇದು ಕೆಟ್ಟರೆ ಹೊಣೆ ಯಾರದು, ಆ ಹೊಣೆಯನ್ನು ತೋರಿಸಲು ನಮ್ಮ ಕೈಯಲ್ಲಿರುವ ಕಾಗದ ಯಾವುದು? ಈ ಪ್ರಶ್ನೆಗೆ ಉತ್ತರ ಸಿಗದ ಅಂಗಡಿಯಲ್ಲಿ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಂತ್ರದ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಿಸ್ಕ್ ಹಾಕುವ ಸೌಲಭ್ಯ ಇರುವ ಮಾದರಿಯನ್ನೇ ಆರಿಸಿಕೊಳ್ಳಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಪ್ಲೇಸ್ಟೇಷನ್ 5ರ ಡಿಜಿಟಲ್ ಆವೃತ್ತಿ ಅಗ್ಗವಾಗಿ ಕಂಡರೂ ಡಿಸ್ಕ್ ಡ್ರೈವ್ ಇಲ್ಲದೆ ಬರುವುದರಿಂದ ಪ್ರತಿಯೊಂದು ಆಟವನ್ನೂ ಕಂಪನಿಯ ಆನ್‌ಲೈನ್ ಅಂಗಡಿಯಿಂದಲೇ ಕೊಳ್ಳಬೇಕಾಗುತ್ತದೆ, ಜೊತೆಗೆ ಒಂದೊಂದು ದೊಡ್ಡ ಆಟಕ್ಕೂ ನೂರು ಜಿಬಿಯಷ್ಟು ಡೌನ್‌ಲೋಡ್ ಮಾಡಬೇಕಾಗಬಹುದು. ಡಿಸ್ಕ್ ಇದ್ದರೆ ಗೆಳೆಯರೊಡನೆ ಅದಲುಬದಲು ಮಾಡಬಹುದು, ಆಡಿ ಮುಗಿಸಿದ್ದನ್ನು ಮಾರಬಹುದು, ಪ್ಲೇಸ್ಟೇಷನ್ 4ರ ಹಳೆಯ ಡಿಸ್ಕುಗಳಲ್ಲಿ ಹೆಚ್ಚಿನವನ್ನು ಹೊಸ ಯಂತ್ರದಲ್ಲಿಯೂ ಆಡಬಹುದು. ನಿಂಟೆಂಡೊ ಕಂಪನಿಯ ಸ್ವಿಚ್ ಕನ್ಸೋಲ್ ಬಯಸುವವರು ಒಂದು ವಿಷಯ ತಿಳಿದಿರಬೇಕು: ಆ ಕಂಪನಿ ಭಾರತದಲ್ಲಿ ತನ್ನ ಕನ್ಸೋಲುಗಳನ್ನು ಅಧಿಕೃತವಾಗಿ ಮಾರುತ್ತಿಲ್ಲ. ಇಲ್ಲಿ ಸಿಗುವ ಸ್ವಿಚ್‌ಗಳು ಹೊರದೇಶದಿಂದ ಯಾರೋ ತರಿಸಿಕೊಂಡವು, ಅವುಗಳಿಗೆ ಅಂಗಡಿಯವನು ಬಾಯಿಮಾತಿನಲ್ಲಿ ಕೊಡುವ ಭರವಸೆಯೊಂದೇ ಗ್ಯಾರಂಟಿ.

ಇನ್ನು ಎಲ್ಲಿ ಕೊಳ್ಳಬೇಕು ಎಂಬುದು. ನಮ್ಮ ಭಾಗದವರಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಎಷ್ಟು ಹತ್ತಿರವೋ, ರೈಲಿನಲ್ಲಿ ಹೋಗಿ ಬರಬಹುದಾದ ಸೋಲಾಪುರ, ಹೈದರಾಬಾದ್ ಕೂಡ ಬಳಕೆಯಲ್ಲಿ ಅಷ್ಟೇ ಹತ್ತಿರ. ಎಲ್ಲಿ ಕೊಂಡರೂ ಮೊದಲು ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಆಮದು ಮಾಡಿದ ಪ್ಯಾಕೆಟ್ ಸರಕಿನ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಹೇಳಲು ಫೋನ್ ಸಂಖ್ಯೆ ಇವೆಲ್ಲ ಇರಲೇಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಈ ಚೀಟಿ ಇಲ್ಲದ ಪೆಟ್ಟಿಗೆ ಅಧಿಕೃತ ದಾರಿಯಲ್ಲಿ ಬಂದದ್ದಲ್ಲ ಎಂದು ತಿಳಿಯಿರಿ. ಕಂಪನಿಯ ಭಾರತದ ವಾರಂಟಿ ಅದಕ್ಕೆ ಅನ್ವಯಿಸುತ್ತದೆಂದು ನಂಬಿ ಹಣ ಎಣಿಸಬೇಡಿ.

ಬಿಲ್ಲಿನ ವಿಷಯಕ್ಕೆ ಬಂದಾಗ ಸಂಕೋಚ ಬೇಡ. ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಸಣ್ಣ ಪ್ಯಾಡಿನ ಮೇಲೆ ವಸ್ತುವಿನ ಹೆಸರು, ಬೆಲೆ ಬರೆದು, ತುದಿಯಲ್ಲಿ ‘ಎಸ್ಟಿಮೇಟ್’ ಎಂದು ಅಚ್ಚಾಗಿರುವ ಹಾಳೆಯನ್ನು ಹರಿದು ಕೊಡುತ್ತಾರೆ. ಪಕ್ಕಾ ಬಿಲ್ಲು ಬೇಕೆಂದರೆ ಟ್ಯಾಕ್ಸ್ ಬೇರೆ ಬೀಳುತ್ತದೆ ಎನ್ನುತ್ತಾರೆ. ಗರಿಷ್ಠ ಮಾರಾಟ ಬೆಲೆಯೊಳಗೆ ತೆರಿಗೆ ಸೇರಿಯೇ ಇರುವುದರಿಂದ ಆ ಬೆಲೆಯ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ, ಮತ್ತು ಕೊಂಡ ವಸ್ತುವಿಗೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಬಿಲ್ಲಿನ ಮೇಲೆ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇದೆಯೇ ಎಂದು ನೋಡಿ. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮಹಾರಾಷ್ಟ್ರಕ್ಕೆ 27. ಅಲ್ಲಿಯೇ ನಿಂತು ಮೊಬೈಲಿನಲ್ಲಿ ಜಿಎಸ್‌ಟಿ ಜಾಲತಾಣ ತೆರೆದು ಆ ಸಂಖ್ಯೆ ಹಾಕಿದರೆ ಅದು ಯಾವ ವ್ಯಾಪಾರದ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ, ಇದಕ್ಕೆ ಶುಲ್ಕವಿಲ್ಲ. ಕನ್ಸೋಲಿನ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ, ಏಕೆಂದರೆ ಸೀರಿಯಲ್ ಸಂಖ್ಯೆ ಇಲ್ಲದ ಬಿಲ್ಲು ಇದೇ ಯಂತ್ರದ್ದು ಎಂದು ಸಾಧಿಸುವುದು ಆಮೇಲೆ ಕಷ್ಟವಾಗುತ್ತದೆ.

ಹಣ ಕೊಡುವ ಮೊದಲು ಅಂಗಡಿಯ ಟಿವಿಗೇ ಜೋಡಿಸಿ ತೋರಿಸಲು ಹೇಳಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆಯೂ ಯಂತ್ರದ ಮೇಲಿನದ್ದೂ ಒಂದೇ ಆಗಿರಬೇಕು. ಚಿತ್ರ ನಡುನಡುವೆ ಮಾಯವಾಗುತ್ತಿದ್ದರೆ ಟಿವಿಯ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟನ್ನು ಅನುಮಾನಿಸಬೇಕು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಎರಡೂ ಸ್ಟಿಕ್‌ಗಳನ್ನು ಎಲ್ಲ ದಿಕ್ಕಿಗೆ ತಿರುಗಿಸಿ, ಕೈ ಬಿಟ್ಟು ಸ್ವಲ್ಪ ಹೊತ್ತು ಪರದೆ ನೋಡಿ: ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಆಯ್ಕೆ ತಾನಾಗಿ ಜರುಗಿದರೆ ಸ್ಟಿಕ್ಕಿನಲ್ಲಿ ದೋಷವಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಂತೂ ಈ ಪರೀಕ್ಷೆ ಕಡ್ಡಾಯ, ಸ್ಟಿಕ್ಕಿನೊಳಗಿನ ಭಾಗ ಬಳಸಿದಷ್ಟೂ ಸವೆಯುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆಯ ಟೇಪು ಕತ್ತರಿಸುವುದರಿಂದ ಹಿಡಿದು ಯಂತ್ರ ಚಾಲೂ ಆಗುವವರೆಗೆ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಿರಿ.

ಮನೆಗೆ ತಂದ ಮೇಲೆ ನಮ್ಮ ಊರಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ಲೇಸ್ಟೇಷನ್ 5 ಕೆಲಸ ಮಾಡಬೇಕಾದ ವಾತಾವರಣ 5ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ಕಂಪನಿಯೇ ಹೇಳಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಮಧ್ಯಾಹ್ನದ ಹೊತ್ತು ಸ್ಲ್ಯಾಬಿನ ಕೆಳಗಿನ ಕೋಣೆ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಆಟವನ್ನು ಬೆಳಗಿಗೋ ರಾತ್ರಿಗೋ ಇಟ್ಟುಕೊಳ್ಳುವುದು ಒಳ್ಳೆಯದು. ಕನ್ಸೋಲನ್ನು ಗೋಡೆಯ ಗೂಡಿನಲ್ಲಾಗಲಿ ಗಾಜಿನ ಶೋಕೇಸಿನಲ್ಲಾಗಲಿ ಇಡಬೇಡಿ. ಬಿಸಿಗಾಳಿ ಹೊರಹೋಗಲು ಹಿಂದೆ ಜಾಗ ಬೇಕು. ತಣ್ಣಗಿರಲೆಂದು ಕೂಲರಿನ ಎದುರಿಗೇ ಇಡುವವರಿದ್ದಾರೆ, ಅದು ಇನ್ನೂ ಅಪಾಯ: ಕೂಲರಿನ ಗಾಳಿ ತೇವದ ಗಾಳಿ, ಕೆಲವೊಮ್ಮೆ ನೀರಿನ ಹನಿಯನ್ನೂ ಚಿಮ್ಮುತ್ತದೆ, ನೀರಿನಿಂದಾದ ಹಾನಿಯನ್ನು ಸಾಮಾನ್ಯವಾಗಿ ಯಾವ ವಾರಂಟಿಯೂ ಒಪ್ಪುವುದಿಲ್ಲ. ಕರೆಂಟು ಪದೇ ಪದೇ ಹೋಗುವ ಬಡಾವಣೆಗಳಲ್ಲಿ ಆಟ ಮುಗಿದ ಮೇಲೆ ರೆಸ್ಟ್ ಮೋಡಿನಲ್ಲಿ (ಅರೆನಿದ್ದೆಯ ಸ್ಥಿತಿಯಲ್ಲಿ) ಬಿಡದೆ ಪೂರ್ತಿ ಬಂದ್ ಮಾಡಿ, ಏಕೆಂದರೆ ಯಂತ್ರ ತನ್ನೊಳಗೆ ಮಾಹಿತಿ ಬರೆದುಕೊಳ್ಳುತ್ತಿರುವಾಗ ಕರೆಂಟು ಹೋದರೆ ಉಳಿಸಿಟ್ಟ ಆಟ ಕೆಡಬಹುದು. ಒಂದು ಚಿಕ್ಕ ಯುಪಿಎಸ್ ಇದ್ದರೆ ಆಟ ಉಳಿಸಿ ಬಂದ್ ಮಾಡುವಷ್ಟು ಸಮಯವಾದರೂ ಸಿಗುತ್ತದೆ.

ಇಷ್ಟಾಗಿಯೂ ಕೆಟ್ಟರೆ ಮೊದಲು ಕಂಪನಿಯ ಗ್ರಾಹಕ ಸೇವೆಗೆ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. ಸ್ಥಳೀಯ ರಿಪೇರಿಯವರ ಕೈಗೆ ಕೊಟ್ಟು ಬಿಚ್ಚಿಸಿದರೆ ವಾರಂಟಿಗೆ ಕುತ್ತು ಬರುತ್ತದೆ. ಫೋನಿನಲ್ಲಿ ಮಾತಾಡಿದ್ದು ಸಾಕ್ಷಿಯಾಗಿ ಉಳಿಯುವುದಿಲ್ಲವಾದ್ದರಿಂದ ಅದೇ ವಿಷಯವನ್ನು ಇಮೇಲಿನಲ್ಲಿಯೂ ಬರೆಯಿರಿ: ಕೊಂಡ ದಿನಾಂಕ, ಸೀರಿಯಲ್ ಸಂಖ್ಯೆ, ದೋಷ ಏನು, ಯಾವಾಗಿನಿಂದ, ನಿಮಗೆ ಬೇಕಾದ ಪರಿಹಾರ ರಿಪೇರಿಯೋ ಬದಲಿಯೋ ಹಣವೋ ಎಂಬುದು ಸ್ಪಷ್ಟವಾಗಿರಲಿ. ಆನ್‌ಲೈನ್ ಅಂಗಡಿಯಾದರೆ ಅದರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ‘ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ’ ಎಂಬ ಫಲಕವನ್ನು ತೋರಿಸಿ ಅಂಗಡಿಯವರು ದಬಾಯಿಸಿದರೆ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದೂ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಂಪನಿಯೊಡನೆ ರಾಜಿ ಮಾಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ಅದೂ ಫಲಿಸದಿದ್ದರೆ ಉಳಿದದ್ದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನಮ್ಮಂಥ ದೂರದ ಜಿಲ್ಲೆಯವರಿಗೆ 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲವೆಂದರೆ, ಮಾರಾಟಗಾರ ಹೈದರಾಬಾದಿನಲ್ಲಿರಲಿ ಮುಂಬೈಯಲ್ಲಿರಲಿ, ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಬಿಲ್ಲು, ವಾರಂಟಿ ಕಾರ್ಡು, ಇಮೇಲುಗಳ ಪ್ರತಿ, ದೂರಿನ ಸಂಖ್ಯೆ, ವಿಡಿಯೊ ಇವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ದೂರಿನ ಜೊತೆಗೆ ಕೊಡಿ. ಅಂಗಡಿಯನ್ನಷ್ಟೇ ಅಲ್ಲದೆ ಪೆಟ್ಟಿಗೆಯ ಮೇಲೆ ಹೆಸರಿರುವ ಆಮದುದಾರರನ್ನೂ ಎದುರುದಾರರನ್ನಾಗಿ ಸೇರಿಸಿ, ಇಲ್ಲವಾದರೆ ತಯಾರಿಕೆಯ ದೋಷಕ್ಕೆ ತಾನು ಹೊಣೆಯಲ್ಲ ಎಂದು ಅಂಗಡಿಯವನು ಜಾರಿಕೊಳ್ಳಲು ದಾರಿಯಾಗುತ್ತದೆ.