ಟೆಕ್ಸಾಸ್‌ನಲ್ಲಿ ಸೊಂಟಕ್ಕೆ ಪಿಸ್ತೂಲು: ಹೊಸದಾಗಿ ಬಂದ ಕನ್ನಡಿಗರಿಗೆ ಗೊತ್ತಿರಬೇಕಾದದ್ದು

ಹೌದು, ಟೆಕ್ಸಾಸ್‌ನಲ್ಲಿ ಪಿಸ್ತೂಲನ್ನು ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಆಸ್ಟಿನ್, ಡಲ್ಲಾಸ್ ಕಡೆ ಹೊಸದಾಗಿ ಬಂದ ನಮ್ಮವರು ಪೆಟ್ರೋಲ್ ಬಂಕಿನಲ್ಲೋ ಅಂಗಡಿಯಲ್ಲೋ ಅಂಥವರನ್ನು ಮೊದಲ ಸಲ ನೋಡಿ ಗಾಬರಿಯಾಗಿ ಕೇಳುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅವರಿಗೆ ಸರಿಯಿರುವುದು ನಿಮಗೂ ಸರಿ ಅಂದುಕೊಳ್ಳಬೇಡಿ. ವೀಸಾ ಮೇಲೆ ಬಂದವರ ಲೆಕ್ಕವೇ ಬೇರೆ. ಮೊದಲು ಅದನ್ನೇ ಹೇಳುತ್ತೇನೆ, ಯಾಕಂದ್ರೆ ನಮ್ಮ ಹುಡುಗರು ಎಡವುವುದು ಅಲ್ಲೇ.

ಎಚ್1ಬಿ, ಎಲ್1, ಎಚ್4, ಎಫ್1, ಯಾವುದೇ ತಾತ್ಕಾಲಿಕ ವೀಸಾ ಇರಲಿ, ಗನ್ ಆಗಲಿ ಗುಂಡಾಗಲಿ ನಿಮ್ಮ ಹತ್ತಿರ ಇರುವಂತಿಲ್ಲ. ಇದು ಟೆಕ್ಸಾಸ್ ಕಾನೂನಲ್ಲ, ಇಡೀ ಅಮೆರಿಕಕ್ಕೆ ಅನ್ವಯಿಸುವ ಫೆಡರಲ್ ಕಾನೂನು. ಸಿಕ್ಕಿಬಿದ್ದರೆ 15 ವರ್ಷದವರೆಗೂ ಜೈಲು ಆಗಬಹುದು, ಜೊತೆಗೆ ಗಡೀಪಾರಿನ ಭಯ. ಗನ್ ನಿಮ್ಮ ಹೆಸರಲ್ಲೇ ಇರಬೇಕು ಅಂತೇನೂ ಇಲ್ಲ, ಬೇರೆಯವರದ್ದನ್ನು ಕೈಯಲ್ಲಿ ಹಿಡಿದರೂ ಸಾಕು. ಆಫೀಸಿನವರೆಲ್ಲ ಸೇರಿ ಶುಕ್ರವಾರ ಸಂಜೆ ಶೂಟಿಂಗ್ ರೇಂಜಿಗೆ ಹೊರಟಾಗ ‘ಬಾಡಿಗೆ ಗನ್ ತಾನೇ’ ಅಂತ ಹೋಗುವವರು ಇದನ್ನು ನೆನಪಿಡಬೇಕು. ಫ್ಲಾರಿಡಾದಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಬಂದು, ಕಾಲೇಜಿನಿಂದ ಹೊರಬಿದ್ದ ಮೇಲೂ ಉಳಿದುಕೊಂಡ ಹುಡುಗನೊಬ್ಬ ರೇಂಜಿಗೆ ಹೋಗಿ ಗನ್ ಹಾರಿಸಿದ್ದೇ ಕೇಸಾಗಿ, 2019ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ತನ್ನ ವೀಸಾ ಸ್ಥಿತಿ ಏನು ಅನ್ನುವುದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ ಕೋರ್ಟ್ ಹೇಳಿತು. ನಿಮ್ಮ ವೀಸಾ ಯಾವುದು ಅಂತ ನಿಮಗೆ ಚೆನ್ನಾಗಿ ಗೊತ್ತಲ್ವಾ? ಹಾಗಾಗಿ ಆ ತೀರ್ಪು ನಿಮ್ಮನ್ನು ಕಾಪಾಡುವುದಿಲ್ಲ.

ಆಯುಧ ಪೂಜೆ ದಿನ ಗೆಳೆಯನ ಪಿಸ್ತೂಲು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡು ಇನ್‌ಸ್ಟಾಗ್ರಾಂಗೆ ಹಾಕುವುದು ಬೇಡವೇ ಬೇಡ. ಅದು ನೀವೇ ಬರೆದುಕೊಟ್ಟ ಸಾಕ್ಷಿ.

ಬೇಟೆಯ ಲೈಸೆನ್ಸ್ ಇದ್ದವರಿಗೆ ಈ ಕಾನೂನಿನಲ್ಲಿ ವಿನಾಯಿತಿ ಇರುವುದು ನಿಜ. ಅದನ್ನೇ ನಂಬಿಕೊಂಡು ‘ಆನ್‌ಲೈನ್‌ನಲ್ಲಿ ಒಂದು ಬೇಟೆ ಲೈಸೆನ್ಸ್ ಮಾಡಿಸಿಕೋ, ಆಮೇಲೆ ಏನು ಬೇಕಾದರೂ ಮಾಡು’ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವವರು ಇಂಥ ಸಣ್ಣ ಕಿಂಡಿಯ ಮೇಲೆ ಭಾರ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಲೇಬೇಕು. ಇನ್ನು ಕೊಡಗಿನಿಂದ ಬಂದವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಊರಲ್ಲಿ ಕೋವಿಗೆ ಲೈಸೆನ್ಸ್ ಬೇಡ. ಆ ವಿನಾಯಿತಿ ಭಾರತದಲ್ಲೇ ಮುಗಿಯುತ್ತದೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬವನ್ನು ಇಲ್ಲಿ ಕೋವಿ ಇಲ್ಲದೆಯೇ ಮಾಡಿ.

ಗ್ರೀನ್ ಕಾರ್ಡ್ ಬಂದ ಮೇಲೆ ಗನ್ ಕೊಳ್ಳಬಹುದು, ಲೈಸೆನ್ಸನ್ನೂ ತೆಗೆದುಕೊಳ್ಳಬಹುದು. ಬರೀ ಕೆಲಸದ ಪರ್ಮಿಟ್ ಕಾರ್ಡನ್ನು ಗ್ರೀನ್ ಕಾರ್ಡ್ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ತುಂಬಿಸುವ 4473 ನಂಬರಿನ ಫಾರಂನಲ್ಲಿ ವೀಸಾ ಬಗ್ಗೆ ನೇರವಾಗಿ ಕೇಳುತ್ತಾರೆ, ಅಲ್ಲಿ ಸುಳ್ಳು ಬರೆಯುವುದೇ ಇನ್ನೊಂದು ದೊಡ್ಡ ಅಪರಾಧ.

ಈಗ ಟೆಕ್ಸಾಸ್ ನಿಯಮಕ್ಕೆ ಬರೋಣ. ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಕಾಣುವಂತೆ ಇಟ್ಟುಕೊಳ್ಳಬಹುದು ಅಂತ ಆದದ್ದು 2016ರ ಜನವರಿ 1ರಿಂದ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದವರಿಗೆ, ಬೇರೆ ಯಾವ ಕಾನೂನಿನ ಅಡ್ಡಿಯೂ ಇಲ್ಲದಿದ್ದರೆ, ಲೈಸೆನ್ಸೂ ಬೇಡ. ಕಾಣುತ್ತಿದ್ದರೆ ಅದು ಹೋಲ್ಸ್ಟರ್‌ನಲ್ಲೇ (ಪಿಸ್ತೂಲು ಸಿಕ್ಕಿಸುವ ಚೀಲ) ಇರಬೇಕು, ಕಾರಿನ ಒಳಗೂ ಅಷ್ಟೇ. ಹಾಗಾದರೆ ಲೈಸೆನ್ಸ್ ಯಾಕೆ? ನನ್ನ ಪ್ರಕಾರ ಇಟ್ಟುಕೊಳ್ಳುವುದೇ ಆದರೆ ಲೈಸೆನ್ಸ್ ಮಾಡಿಸಿಯೇ ಇಟ್ಟುಕೊಳ್ಳಿ. ಫೀಸು 40 ಡಾಲರ್, ಕೆಲವು ಗಂಟೆಗಳ ಪಾಠ, ಗುರಿ ಪರೀಕ್ಷೆ, ಅಷ್ಟೇ. ಶಾಲೆಯಿಂದ 1,000 ಅಡಿ ದೂರದೊಳಗೆ ಗನ್ ಇಟ್ಟುಕೊಳ್ಳಬಾರದು ಅನ್ನುವ ಫೆಡರಲ್ ನಿಯಮದಿಂದ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ನಮ್ಮ ಬಡಾವಣೆಗಳಲ್ಲಿ ಶಾಲೆ ದಾಟದೆ ಎಲ್ಲಿಗೆ ಹೋಗಲು ಆಗುತ್ತೆ ಹೇಳಿ! ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಮಾತ್ರ ಲೈಸೆನ್ಸ್ ಇದ್ದರೂ ಕಾಣುವ ಹಾಗೆ ಇಟ್ಟುಕೊಳ್ಳುವಂತಿಲ್ಲ.

ಬಾಗಿಲ ಬಳಿಯ ಬೋರ್ಡುಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಒಂದು ಇಂಚಿಗೆ ಕಡಿಮೆ ಇಲ್ಲದ ಅಕ್ಷರದಲ್ಲಿ ಬರೆದಿರುತ್ತಾರೆ. ಅದರಲ್ಲಿರುವ ನಂಬರು ಟೆಕ್ಸಾಸ್ ದಂಡಸಂಹಿತೆಯ ಕಲಂ ನಂಬರು. 30.07 ಅಂತ ಇದ್ದರೆ ಲೈಸೆನ್ಸ್ ಇದ್ದವರೂ ಕಾಣುವ ಹಾಗೆ ತರುವಂತಿಲ್ಲ, 30.06 ಅಂದರೆ ಮುಚ್ಚಿಟ್ಟುಕೊಂಡು ತರುವುದೂ ಇಲ್ಲ, 30.05 ಇರುವುದು ಲೈಸೆನ್ಸ್ ಇಲ್ಲದವರಿಗೆ. ಕೆಂಪು ಅಕ್ಷರದಲ್ಲಿ 51% ಅಂತ ಕಂಡರೆ ಅದು ಬಾರ್, ಅಲ್ಲಿಗೆ ಗನ್ ತಂದರೆ ತುಂಬಾ ದೊಡ್ಡ ಕೇಸು. 30.07 ಬೋರ್ಡ್ ಗಮನಿಸದೆ ಒಳಗೆ ಹೋದರೆ 200 ಡಾಲರ್‌ವರೆಗೆ ದಂಡ, ಆದರೆ ಹೊರಗೆ ಹೋಗಿ ಅಂತ ಬಾಯಲ್ಲಿ ಹೇಳಿದ ಮೇಲೂ ನಿಂತರೆ ಒಂದು ವರ್ಷದವರೆಗೆ ಜೈಲು ಆಗಬಹುದು. ನಮ್ಮ ದೇವಸ್ಥಾನಗಳೂ ಕನ್ನಡ ಸಂಘದ ಕಾರ್ಯಕ್ರಮಗಳೂ ಈ ಬೋರ್ಡು ಹಾಕಬಹುದು, ಕಮಿಟಿಯಲ್ಲಿ ಇರುವವರು ದಯವಿಟ್ಟು ಗಮನಿಸಿ.

ಸುಮ್ನೆ ಹೋಲ್ಸ್ಟರ್‌ನಲ್ಲಿ ಗನ್ ಇಟ್ಟುಕೊಂಡು ತರಕಾರಿ ಕೊಳ್ಳುತ್ತಿರುವವನ ಮೇಲೆ 911ಗೆ ಫೋನ್ ಮಾಡುವ ಅಗತ್ಯ ಇಲ್ಲ. ಅದನ್ನು ಕೈಗೆ ತೆಗೆದುಕೊಂಡರೆ, ಯಾರನ್ನಾದರೂ ಹೆದರಿಸಿದರೆ, ಕುಡಿದು ತೂರಾಡುತ್ತಿದ್ದರೆ ಕೂಡಲೇ ಮಾಡಿ. ನೀವು ಹತ್ತಿರ ಹೋಗಿ ವಾದ ಮಾಡಬೇಡಿ, ಮಕ್ಕಳನ್ನು ಕರೆದುಕೊಂಡು ದೂರ ಹೋಗಿ.

ಪೊಲೀಸರು ಕಾರು ನಿಲ್ಲಿಸಿದಾಗ ಎರಡೂ ಕೈ ಸ್ಟೀರಿಂಗ್ ಮೇಲೆ ಇರಲಿ. ಗನ್ ಹತ್ತಿರ ಇದ್ದು ಅಧಿಕಾರಿ ಗುರುತಿನ ಚೀಟಿ ಕೇಳಿದರೆ, ಗನ್ ಲೈಸೆನ್ಸ್ ಇದ್ದವರು ಡ್ರೈವಿಂಗ್ ಲೈಸೆನ್ಸ್ ಜೊತೆ ಅದನ್ನೂ ತೋರಿಸಬೇಕು. ಪೇಪರ್‌ಗಾಗಿ ಗ್ಲೋವ್ ಬಾಕ್ಸಿಗೆ ಕೈ ಹಾಕುವ ಮೊದಲು ‘ತೆಗೆಯುತ್ತಿದ್ದೇನೆ’ ಅಂತ ಹೇಳಿ, ಅವರು ಸರಿ ಅಂದ ಮೇಲೆ ತೆಗೆಯಿರಿ. ಗನ್ ಇಲ್ಲದವರಿಗೂ ಇದೇ ಒಳ್ಳೆಯದು.

ರಾಜ್ಯದ ಗಡಿ ದಾಟಿದರೆ ಎಲ್ಲ ಬದಲು. ಇಲಿನಾಯ್, ನ್ಯೂಯಾರ್ಕ್ ಟೆಕ್ಸಾಸ್ ಲೈಸೆನ್ಸನ್ನು ಒಪ್ಪುವುದಿಲ್ಲ, ಕಾಣುವ ಹಾಗೆ ಇಟ್ಟುಕೊಳ್ಳುವುದಂತೂ ಅಲ್ಲಿ ಇಲ್ಲವೇ ಇಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಮಕ್ಕಳ ವಿಷಯ. ಇಲ್ಲಿ ಸೊಂಟದಲ್ಲಿ ಕಾಣುವ ಗನ್‌ಗಿಂತ ಮನೆಯ ಡ್ರಾಯರ್‌ನಲ್ಲಿ ಕಾಣದೇ ಇರುವ ಗನ್ ಹೆಚ್ಚು ಅಪಾಯ. 17 ವರ್ಷದೊಳಗಿನವರ ಕೈಗೆ ತುಂಬಿದ ಗನ್ ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸ್‌ನಲ್ಲಿ ಅಪರಾಧ, ಆದರೂ ಎಲ್ಲರೂ ಬೀಗ ಹಾಕುವುದಿಲ್ಲ. ಮಗುವನ್ನು ಆಟಕ್ಕೆ ಬೇರೆ ಮನೆಗೆ ಕಳಿಸುವಾಗ ನಟ್ಸ್ ಅಲರ್ಜಿ, ನಾಯಿ ಇದೆಯಾ ಅಂತ ಕೇಳುತ್ತೀರಲ್ಲ, ಅದರ ಜೊತೆಗೇ ‘ಮನೆಯಲ್ಲಿ ಗನ್ ಇದೆಯಾ, ಇದ್ದರೆ ಬೀಗ ಹಾಕಿರುತ್ತೀರಾ’ ಅಂತಲೂ ಕೇಳಿ. ಸಂಕೋಚ ಬೇಡ, ಇಲ್ಲಿನ ತಾಯಂದಿರೂ ಕೇಳುತ್ತಾರೆ. ಉತ್ತರ ಸಮಾಧಾನ ಕೊಡದಿದ್ದರೆ ಆ ಮಗುವನ್ನೇ ನಿಮ್ಮ ಮನೆಗೆ ಆಟಕ್ಕೆ ಕರೆಯಿರಿ.