ಬೆಳ್ಳಿಯ ಕಣ್ಣು ಸೋರೋದು ನಿಂತಿದ್ದು ಹೀಗೆ

ನನ್ನ ಮೊಲ ಬೆಳ್ಳಿಯ ಎಡಗಣ್ಣು ಸೋರುವುದು ನಿಂತು ಒಂದು ವರ್ಷದ ಮೇಲಾಯಿತು. "ಬಿಳಿ ಮೊಲ ಅಂದ್ರೆ ಕಣ್ಣು ಸೋರೋದೇ, ಬಿಟ್ಬಿಡಿ" ಎಂದು ಮರಿ ಕೊಟ್ಟವರೇ ಹೇಳಿದ್ದರು. ಮೊಲ ಸಾಕುವ ಗೆಳೆಯರೂ ಅದನ್ನೇ ಅಂದರು. ಡ್ರಾಪ್ಸ್ ಇಲ್ಲದೆ ಹೇಗೆ ವಾಸಿಯಾಗುತ್ತೆ ಎಂದು ವಾದಕ್ಕೆ ನಿಂತವರೂ ಇದ್ದಾರೆ. ಅವರಲ್ಲಿ ಇಬ್ಬರು ಹೋದ ತಿಂಗಳು ಬಂದು ನನ್ನ ಗೂಡಿನ ಅಳತೆ ಬರೆದುಕೊಂಡು ಹೋದರು.

ತುಮಕೂರಿನ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ಆಗ ನಾಲ್ಕು ಮೊಲಗಳಿದ್ದವು. ಮಳೆಗಾಲ. ಒಂದು ಬೆಳಿಗ್ಗೆ ಸೊಪ್ಪು ಹಾಕಲು ಹೋದರೆ ಬೆಳ್ಳಿಯ ಕಣ್ಣಿನ ಕೆಳಗಿನ ಕೂದಲು ಒದ್ದೆಯಾಗಿ, ಅಂಟಿಕೊಂಡು, ಮುಳ್ಳುಮುಳ್ಳಾಗಿ ನಿಂತಿತ್ತು. ವಾರ ಕಳೆಯುವಷ್ಟರಲ್ಲಿ ಅಲ್ಲಿ ಕೂದಲು ಉದುರಿ ಕೆಂಪು ಚರ್ಮ ಕಾಣಿಸಿತು. ಮೂಲೆಯಲ್ಲಿ ಗೀಜು. ಹಳದಿ ಅಲ್ಲ, ಹಾಲಿನ ಹಾಗೆ ಬಿಳಿ.

ಅಮ್ಮ ನಂದಿಬಟ್ಟಲು ಹೂವು ನೆನೆಸಿದ ನೀರು ಹಾಕು ಅಂದರು. ನಾಲ್ಕು ದಿನ ಹಾಕಿದೆ, ಏನೂ ಆಗಲಿಲ್ಲ. ತುಳಸಿ ನೀರಿನಲ್ಲಿ ಒರೆಸಿದೆ, ಕಣ್ಣು ಇನ್ನೂ ಕೆಂಪಾಯಿತು, ಬಿಟ್ಟೆ. ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಮನೆಯಲ್ಲಿ ಯಾರಿಗೋ ತಂದು ಉಳಿದಿದ್ದ ಡ್ರಾಪ್ಸ್ ಹಾಕಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಎರಡು ದಿನ ಕೆಂಪು ಇಳಿದ ಹಾಗೆ ಕಂಡು, ಮೂರನೇ ದಿನ ಕಣ್ಣಿನ ಮೇಲೆ ನೀಲಿ ಮಂಜು ಕವಿಯಿತು. ನನಗೆ ಕೈಕಾಲೇ ಆಡಲಿಲ್ಲ.

ಬೆಂಗಳೂರಿನಲ್ಲಿ ಮೊಲ ನೋಡುವ ಡಾಕ್ಟರ್ ಹತ್ತಿರ ಓಡಿದೆ. ಬಣ್ಣದ ಪಟ್ಟಿ ಮುಟ್ಟಿಸಿ ನೀಲಿ ಲೈಟ್ ಬಿಟ್ಟರು. ಕಣ್ಣಿನ ಮಧ್ಯದಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಜಾಗ ಹಸಿರಾಗಿ ಹೊಳೆಯಿತು. ಅದೇ ಗಾಯ. ಗಾಯ ಇರುವ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಮಾಯುವುದಿಲ್ಲ, ಇನ್ನೂ ಆಳಕ್ಕೆ ಇಳಿಯುತ್ತದೆ. ಕಾರು ಬಾಡಿಗೆ ಸೇರಿ ಅವತ್ತೇ ಮೂರು ಸಾವಿರ ಹೋಯಿತು. ಹತ್ತು ದಿನದಲ್ಲಿ ಗಾಯ ಮಾಯಿತು, ಪುಣ್ಯ.

ಸೋರುವುದು ಮಾತ್ರ ನಿಲ್ಲಲಿಲ್ಲ. ಮತ್ತೆ ಹೋದಾಗ ಕಣ್ಣೀರಿನ ನಾಳ ತೊಳೆದರು. ಮೊಲಕ್ಕೆ ಕಣ್ಣೀರು ಇಳಿಯಲು ಒಂದೊಂದು ಕಣ್ಣಿಗೆ ಒಂದೇ ತೂತು, ಕೆಳರೆಪ್ಪೆಯ ಒಳಗೆ. ಅಲ್ಲಿಂದ ಸಲೈನ್ ಬಿಟ್ಟರೆ ಮೂಗಿನಿಂದ ಮೊಸರಿನ ಚೂರಿನಂಥದ್ದು ಬಂತು. ಮೂರು ವಾರ ಒಣಗಿತ್ತು, ಮತ್ತೆ ಶುರು. ಇನ್ನೊಮ್ಮೆ ತೊಳೆಸಿದೆ, ಮತ್ತೆ ಅದೇ ಕಥೆ. ಒಟ್ಟು ಎಂಟು ಸಾವಿರದ ಹತ್ತಿರ ಆಗಿರಬೇಕು.

ಒಂದು ದಿನ ಬೆಳಗಿನ ಜಾವ ಐದಕ್ಕೆ, ಗೂಡು ಗುಡಿಸುವ ಮೊದಲು, ನೆಲಕ್ಕೆ ಮಲಗಿ ಬೆಳ್ಳಿಯ ಮೂಗಿನ ಮಟ್ಟಕ್ಕೆ ನನ್ನ ಮುಖ ಇಟ್ಟೆ. ಉಚ್ಚೆಯ ಘಾಟು ಕಣ್ಣಿಗೇ ಹೊಡೆಯಿತು. ನಿಂತಾಗ ಅದು ಗೊತ್ತೇ ಆಗುತ್ತಿರಲಿಲ್ಲ. ನಾನು ಹಾಸುತ್ತಿದ್ದದ್ದು ಮರದ ಹೊಟ್ಟು. ಮೇಲೆ ಒಣಗಿದ ಹಾಗೆ ಕಾಣುತ್ತೆ, ಕೆಳಗೆ ಕೆಸರು. ಒಣಗಿದ್ದರೆ ಧೂಳು, ಅದೂ ಕಣ್ಣಿಗೇ.

ಅಲ್ಲಿಂದ ಪರೀಕ್ಷೆ ಶುರು ಮಾಡಿದೆ. ಒಂದು ಗೂಡಿಗೆ ಹೊಟ್ಟು, ಒಂದಕ್ಕೆ ನ್ಯೂಸ್ ಪೇಪರ್, ಒಂದಕ್ಕೆ ಪೇಪರ್ ಮೇಲೆ ರಾಗಿ ಹುಲ್ಲು. ಎರಡು ದಿನ ಮುಟ್ಟದೆ ಬಿಟ್ಟು ಮೂಗಿಟ್ಟು ನೋಡಿದೆ. ಹೊಟ್ಟಿನದು ಮೊದಲ ರಾತ್ರಿಗೇ ಘಾಟು. ಪೇಪರ್ ಒಂದು ದಿನ ತಡೆಯಿತು. ರಾಗಿ ಹುಲ್ಲಿನದು ಚೆನ್ನಾಗಿತ್ತು, ಆದರೆ ಎರಡನೇ ದಿನಕ್ಕೆ ಅದೂ ಸೋತಿತು. ಯಾವುದನ್ನು ಹಾಸಿದರೂ ಉಚ್ಚೆ ಮೊಲದ ಹತ್ತಿರವೇ ಉಳಿಯುತ್ತದೆ ಅಲ್ವಾ? ಅದಕ್ಕೆ ನೆಲವನ್ನೇ ಬದಲಿಸಿದೆ. ಬಿದಿರು ದಬ್ಬೆ ನುಣ್ಣಗೆ ಸವರಿಸಿ, ಹಿಕ್ಕೆ ಬೀಳುವಷ್ಟು, ಪಾದ ಸಿಕ್ಕದಷ್ಟು ಸಂದು ಬಿಟ್ಟು ಬಡಿಸಿದೆ. ಕೆಳಗೆ ತಗಡಿನ ಟ್ರೇ, ದಿನಕ್ಕೆ ಎರಡು ಸಲ ಚೆಲ್ಲುವುದು. ಒಂದು ಮೂಲೆಯಲ್ಲಿ ಮಲಗಲು ಹುಲ್ಲಿನ ಚಾಪೆ. ಬರೀ ತಂತಿ ಬಲೆ ಬೇಡ, ಪಾದ ಹುಣ್ಣಾಗುತ್ತೆ. ಬಡಗಿಗೆ ಕೊಟ್ಟದ್ದು ಸಾವಿರದ ನಾನೂರೋ ಐನೂರೋ.

ಎರಡನೆಯದು ಬಾಯಿ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆ ಮೇವು), ಕ್ಯಾರೆಟ್ ಜಾಸ್ತಿ ಕೊಡುತ್ತಿದ್ದೆ. ಹುಲ್ಲು ಅರೆಯದಿದ್ದರೆ ದವಡೆ ಹಲ್ಲು ಸವೆಯುವುದಿಲ್ಲ, ಮೇಲಿನ ಹಲ್ಲಿನ ಬೇರು ಉದ್ದವಾಗಿ ಕಣ್ಣೀರಿನ ನಾಳವನ್ನು ಒತ್ತಬಹುದು. ಎರಡು ವಾರದಲ್ಲಿ ನಿಧಾನವಾಗಿ ಗರಿಕೆಗೂ ಒಣ ಹುಲ್ಲಿಗೂ ಬದಲಿಸಿದೆ. ರಾಗಿ ಹುಲ್ಲನ್ನು ಬೆಳ್ಳಿ ಮೊದಲು ಮೂಸಿಯೂ ನೋಡಲಿಲ್ಲ. ಅದಕ್ಕೆ ರುಚಿ ಹತ್ತಿಸಿದ್ದು ಹೇಗೆ ಎಂಬುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮೂರನೆಯದು ಕೈಕೆಲಸ. ಕುದಿಸಿ ಆರಿಸಿದ ಹಳೇ ಪಂಚೆ ಬಟ್ಟೆಯನ್ನು ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿ ಎರಡು ಮೂರು ನಿಮಿಷ ಕಣ್ಣಿನ ಮೇಲೆ ಇಡುತ್ತೇನೆ. ಹತ್ತಿ ಬೇಡ, ಎಳೆ ಉಳಿಯುತ್ತೆ. ಗೀಜು ಮೆತ್ತಗಾದ ಮೇಲೆ ಒರೆಸಿ, ಕಣ್ಣಿನ ಒಳಮೂಲೆಯಿಂದ ಮೂಗಿನ ಕಡೆಗೆ ಕಿರುಬೆರಳಿನಿಂದ ಹಗುರವಾಗಿ ಹತ್ತು ಸಲ ಒತ್ತಿ ಇಳಿಸುತ್ತೇನೆ. ಬೆಳಿಗ್ಗೆ, ರಾತ್ರಿ. ಸಲೈನ್ 100 ಮಿಲಿ ಬಾಟಲಿ, ಮೂವತ್ತು ರೂಪಾಯಿ ಒಳಗೇ ಸಿಗುತ್ತೆ. ತೆರೆದದ್ದನ್ನು ಮಾರನೇ ದಿನ ಬಳಸುವುದಿಲ್ಲ. ಟವೆಲ್ ಸುತ್ತದೆಯೇ ಬೆಳ್ಳಿ ಅಲುಗಾಡದೆ ಕೂರುತ್ತಾಳೆ. ಆ ಹಿಡಿತ ಬರೆದು ಹೇಳುವಂಥದ್ದಲ್ಲ, ಬಂದರೆ ತೋರಿಸುತ್ತೇನೆ.

ಐದಾರು ದಿನಕ್ಕೆ ಬೆಳಗಿನ ಕೂದಲು ಒಣಗಿರಲು ಶುರುವಾಯಿತು. ಮೂರು ವಾರಕ್ಕೆ ಗೀಜು ನಿಂತಿತು. ಎರಡು ತಿಂಗಳಿಗೆ ಕೆಂಪು ಜಾಗದಲ್ಲಿ ಬಿಳಿ ಕೂದಲು ತುಂಬಿಕೊಂಡಿತು. ಎಷ್ಟು ಸಲ ಸುಮ್ನೆ ಅದನ್ನೇ ಸವರಿದ್ದೇನೋ. ಆಮೇಲೆ ನನ್ನ ಇನ್ನೊಂದು ಮೊಲ ಚಿನ್ನಿಗೂ ಇದೇ ಮಾಡಿದೆ, ಹತ್ತೇ ದಿನ ಸಾಕಾಯಿತು.

ಕಣ್ಣು ಮುಚ್ಚಿಕೊಂಡಿದ್ದರೆ, ಮಂಜಾಗಿದ್ದರೆ, ಉಬ್ಬಿದ್ದರೆ ಇದನ್ನು ಮಾಡುತ್ತಾ ಕೂರಬೇಡಿ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೂ ನೇರ ಡಾಕ್ಟರ್ ಹತ್ತಿರ ಹೋಗಿ.

ಮತ್ತೊಂದು ಮೊಲ ಗುಂಡನಿಗೆ ನನ್ನ ವಿಧಾನ ಪೂರ್ತಿ ಕೆಲಸ ಮಾಡಲಿಲ್ಲ. ದವಡೆಯ ಕೆಳಗೆ ಬೆರಳಿಗೆ ಗಂಟುಗಂಟು ಸಿಕ್ಕಿತು. ಎಕ್ಸ್‌ರೇ ತೆಗೆಸಿದರೆ ಹಲ್ಲಿನ ಬೇರು ಆಗಲೇ ಉದ್ದವಾಗಿತ್ತು. ಅವನಿಗೆ ಆರು ವರ್ಷ. ಒಂದೂವರೆ ತಿಂಗಳಿಗೊಮ್ಮೆ ಹಲ್ಲು ತೋರಿಸಿಕೊಂಡು ಬರುತ್ತೇನೆ. ಕಣ್ಣು ಈಗಲೂ ಸ್ವಲ್ಪ ಸೋರುತ್ತದೆ. ದಿನಾ ಬೆಳಿಗ್ಗೆ ಬೆಚ್ಚಗಿನ ಬಟ್ಟೆ ಇಟ್ಟರೆ ತಾನೇ ಮುಖ ಎತ್ತಿ ಕೊಡುತ್ತಾನೆ.