ಐದು ಒತ್ತು ಹಿಡಿದ ಕತೆ

'ನಮ್ಮ ನಾಲಿಗೆಗೆ ಅಯಾಂಬಿಕ್ ಪೆಂಟಾಮೀಟರ್ ಒಗ್ಗಲ್ಲ, ಸುಮ್ನೆ ಅರ್ಥ ಹೇಳಿ ಮುಗಿಸಿ' ಅಂತ ಸ್ಟಾಫ್ ರೂಮಿನಲ್ಲಿ ಹೇಳಿದವರೇ ಜಾಸ್ತಿ. ಅಯಾಂಬಿಕ್ ಪೆಂಟಾಮೀಟರ್ ಅಂದರೆ ಒತ್ತಿಲ್ಲದ ಉಲಿ ಒಂದು, ಒತ್ತಿ ಹೇಳುವ ಉಲಿ ಒಂದು, ಹೀಗೆ ಐದು ಜೋಡಿ ಇರುವ ಇಂಗ್ಲಿಷ್ ಪದ್ಯದ ಸಾಲು. ಈ ವರ್ಷ ನಮ್ಮ ಬಿಎ ಹುಡುಗರು ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನ ಎರಡನೇ ಅಂಕ ಆಡಿದಾಗ ಅವರೇ ಮುಂದಿನ ಸಾಲಿನಲ್ಲಿ ಕೂತಿದ್ದರು. ಆಮೇಲೆ 'ಹೇಗೆ ಮಾಡಿಸಿದ್ರಿ?' ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರ ಹಾಗೆ ನಾನೂ ಬೋರ್ಡಿನಿಂದಲೇ ಶುರು ಮಾಡಿದ್ದೆ. ಕನ್ನಡ ಐಚ್ಛಿಕದ ಹುಡುಗರು ಖುಷಿಯಿಂದ ಪ್ರಸ್ತಾರ ಹಾಕಲು ಕೂತರು. ರೋಮಿಯೋನ ಸಾಲು ಕೊಟ್ಟೆ: 'ಬಟ್ ಸಾಫ್ಟ್, ವಾಟ್ ಲೈಟ್ ತ್ರೂ ಯಾಂಡರ್ ವಿಂಡೋ ಬ್ರೇಕ್ಸ್'. ಬಟ್ ಗುರು, ಸಾಫ್ಟ್ ಗುರು, ವಾಟ್ ಗುರು... ಹತ್ತಕ್ಕೆ ಹತ್ತೂ ಗುರು! ಲಘುವೇ ಇಲ್ಲ. ನಮ್ಮದು ಕಾಲದ ಲೆಕ್ಕ, ಅವರದು ಒತ್ತಿನ ಲೆಕ್ಕ. ಬೋರ್ಡು ಒರೆಸಿದೆ.

ಆಮೇಲೆ ದುಡ್ಡು ಸುರಿದೆ. ವಾರಾಂತ್ಯದ ಒಂದು ಕಾರ್ಯಾಗಾರಕ್ಕೆ ನಾಲ್ಕು ಸಾವಿರದ ಹತ್ತಿರ ಕಟ್ಟಿದೆ. ಅಲ್ಲಿ ಡಿ-ಡಮ್ ಡಿ-ಡಮ್ ಎಂದು ಎದೆ ತಟ್ಟಿಸಿದರು. ಅದನ್ನೇ ಹುಡುಗರಿಗೆ ಹೇಳಿಕೊಟ್ಟೆ, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಐದು ಒತ್ತು ಅಲ್ವಾ, ಐದೆಣಿಕೆಯ ತಾಳ ಖಂಡ ಛಾಪು ಹಾಕಿ ನೋಡೋಣ ಅಂತ ಪರಿಚಯದ ಮೃದಂಗದವರನ್ನೂ ಕರೆಸಿದೆ. ಒಂದು ಸಲಕ್ಕೆ ಸುಮಾರು ಸಾವಿರದ ಐನೂರು, ಕಾಫಿ ತಿಂಡಿ ಬೇರೆ. ತಾಳ ಚೆನ್ನಾಗಿಯೇ ಕೂತಿತು, ಆದರೆ ರೋಮಿಯೋ ಹಾಡೋಕೆ ಶುರು ಮಾಡಿದ! ಮಾತು ಹೋಯಿತು. ಒಟ್ಟು ಹನ್ನೆರಡು ಸಾವಿರದಷ್ಟು ಕೈಬಿಟ್ಟಿರಬೇಕು, ಮನೆಯಲ್ಲಿ ಎಂಟು ಅಂತ ಹೇಳಿದ್ದೇನೆ.

ಕೊನೆಗೆ ಕೆಲಸ ಮಾಡಿದ್ದಕ್ಕೆ ಕಾಸು ಖರ್ಚಿಲ್ಲ. ಸಾಲಿನಲ್ಲಿ ಒತ್ತು ಬೀಳುವ ಐದನ್ನು ಮಾತ್ರ ಉಳಿಸಿದೆ: ಸಾಫ್ಟ್, ಲೈಟ್, ಯಾನ್, ವಿನ್, ಬ್ರೇಕ್ಸ್. ಕಾರಿಡಾರಿನಲ್ಲಿ ನಡೆಯುತ್ತಾ ಹೆಜ್ಜೆಗೊಂದು. ಅದು ಬಾಯಿಗೆ ಕೂತ ಮೇಲೆ ಉಳಿದವನ್ನು ನಡುವೆ ತುರುಕಬೇಕು. ಹೆಜ್ಜೆ ಮಾತ್ರ ನಿಧಾನ ಆಗಕೂಡದು. ಆಗ 'ಯಾಂಡರ್'ನ ಡರ್ ತಾನಾಗಿಯೇ ಸವೆದುಹೋಗುತ್ತದೆ. 'ಸಾರ್, ನುಂಗಿದ್ರೆ ತಪ್ಪು ಉಚ್ಚಾರ ಅಲ್ವಾ?' ಎಂದ ಒಬ್ಬ. ಪ್ರತಿ ಅಕ್ಷರ ಬಿಡಿಸಿ ಹೇಳು ಅಂತ ಬೆಳೆಸಿದ ಮಕ್ಕಳು, ಆ ಅಭ್ಯಾಸ ಬಿಡಿಸೋಕೆ ತಿಂಗಳ ಮೇಲೆ ಹಿಡಿಯಿತು. ತೀರಾ ಬಾರದವರಿಗೆ ನಾನು ಒಂದು ಚಿಕ್ಕ ಉಪಾಯ ಮಾಡುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ಕ್ಲಾಸಿಗೆ ಬನ್ನಿ.

ನಿಜವಾದ ಪರೀಕ್ಷೆ ಕೊಲೆ ಮುಗಿಸಿ ಮ್ಯಾಕ್‌ಬೆತ್ ಬರುವ ಜಾಗ. 'ಡಿಡ್ ನಾಟ್ ಯು ಸ್ಪೀಕ್?' 'ವೆನ್?' 'ನೌ.' 'ಆಸ್ ಐ ಡಿಸೆಂಡೆಡ್?' ಅವನು, ಅವನ ಹೆಂಡತಿ, ಇಬ್ಬರ ನಾಲ್ಕು ತುಂಡು ಸೇರಿ ಒಂದೇ ಸಾಲು, ಕೊನೆಗೆ ಒತ್ತಿಲ್ಲದ ಒಂದು ಸಡಿಲ ಬಾಲ. ನಡುವೆ ಉಸಿರು ತಗೊಂಡರೆ ಸಾಲು ಸತ್ತಿತು. ಮೊದಲು ಹೆಂಡತಿಯ ಪಾತ್ರದ ನಮ್ಮ ಹುಡುಗಿ ಪ್ರತಿ ಸಲ ನಾಟಕೀಯವಾಗಿ ನಿಲ್ಲಿಸುತ್ತಿದ್ದಳು. ಇಬ್ಬರನ್ನೂ ಒಟ್ಟಿಗೆ ನಡೆಸಿದೆ, ಅವನ ಎಡ ಹೆಜ್ಜೆಗೆ ಇವಳ ಬಲ. 'ನೌ' ಹೆಜ್ಜೆಯ ಮೇಲೆ ಬಿದ್ದಾಗ ಹೊರಗೆ ನಿಂತಿದ್ದ ಅಟೆಂಡರ್ ಕೂಡ ತಿರುಗಿ ನೋಡಿದರು.

ಕಿವಿಗೂ ಲಾಭ ಆಯಿತು. ಪುಸ್ತಕ ಮುಚ್ಚಿಸಿ ಓದಿದೆ. ಮ್ಯಾಕ್‌ಬೆತ್‌ನಲ್ಲಿ ಬಾಗಿಲು ಕಾಯುವ ಪೋರ್ಟರ್ ಬಾಯಿ ಬಿಟ್ಟ ಕೂಡಲೇ 'ಸಾರ್, ಇದು ಗದ್ಯ' ಎಂದರು. ಜೂಲಿಯೆಟ್ ಹೇಳುವ 'ಬ್ಯಾನಿಶ್ಡ್' ಹೆಜ್ಜೆಗೆ ಸಿಗದೆ ಎಡವಿದಾಗ, ಅದನ್ನು 'ಬ್ಯಾನಿಶೆಡ್' ಅಂತ ಮೂರಾಗಿ ಬಿಡಿಸಬೇಕು ಎಂದು ಅವರೇ ಕಂಡುಕೊಂಡರು.

ಈಗ ಶೇಕ್ಸ್‌ಪಿಯರ್ ಕಾಲದ ಇನ್ನೊಬ್ಬ ನಾಟಕಕಾರ ಮಾರ್ಲೋನ ಫಾಸ್ಟಸ್ ನಾಟಕ ಹಿಡಿದಿದ್ದೇವೆ. ಕೊನೆಯ ಗಂಟೆಯ ಮಾತಿನಲ್ಲಿ 'ನೌ ಹ್ಯಾಸ್ಟ್ ದೌ ಬಟ್ ಒನ್ ಬೇರ್ ಅವರ್ ಟು ಲಿವ್' ಬರುತ್ತದಲ್ಲ, ಎಲ್ಲವೂ ಚಿಕ್ಕ ಚಿಕ್ಕ ಪದ, ಒಂದೊಂದೂ ಭಾರ ಕೇಳುತ್ತದೆ. ಯಾವುದನ್ನು ನುಂಗಿಸುವುದು? ಹುಡುಗರು 'ಒನ್ ಬೇರ್' ಹತ್ತಿರ ಬಂದು ನಡೆಯುವುದನ್ನೇ ನಿಲ್ಲಿಸುತ್ತಾರೆ. ನಾನೂ ಸದ್ಯಕ್ಕೆ ನಿಲ್ಲಬೇಡಿ ಎನ್ನುತ್ತಿಲ್ಲ.